ಬೆಂದಷ್ಟೂ ಕೆಂಪಾಗುವ ಪೇರ್

ನೆದರ್ಲೆಂಡ್ಸ್‌ನಲ್ಲಿ ಹೀಸರ್ ವಿಲ್ಡೆಮನ್ ಎಂಬ ಪೇರ್ ತಳಿಯೊಂದಿದೆ. ಪುಟ್ಟ ಹಣ್ಣು, ಕಂದು ಸಿಪ್ಪೆ. ಹಸಿಯಾಗಿ ಕಚ್ಚಿದರೆ ಹಲ್ಲಿಗೆ ಗಟ್ಟಿ, ನಾಲಿಗೆಗೆ ಒಗರು. ಹಾಗಾಗಿ ಅಲ್ಲಿನವರು ಅದನ್ನು ಬೇಯಿಸಿಯೇ ತಿನ್ನುವುದು. ಸಿಪ್ಪೆ ಹೆರೆದು, ತೊಟ್ಟನ್ನು ಹಾಗೇ ಬಿಟ್ಟು, ಸಕ್ಕರೆ ಮತ್ತು ದಾಲ್ಚಿನ್ನಿ ಹಾಕಿದ ನೀರಿನಲ್ಲಿ ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಬೇಯಿಸುತ್ತಾರೆ. ಇದಕ್ಕೆ ಸ್ಟೋಫ್‌ಪೇರನ್ ಎಂದು ಹೆಸರು. ಚಳಿಗಾಲದಲ್ಲಿ ಮಾಂಸದಡುಗೆಯ ಪಕ್ಕದಲ್ಲಿ ಬಡಿಸುತ್ತಾರೆ, ಊಟವಾದ ಮೇಲೆ ಐಸ್‌ಕ್ರೀಮ್ ಜೊತೆಗೂ ಕೊಡುತ್ತಾರೆ.

ಪಾತ್ರೆಗೆ ಹಾಕುವಾಗ ಬಿಳಿ ಹಣ್ಣು, ಇಳಿಸುವಾಗ ಕೆಂಪು! ಕೆಲವರು ಕೆಂಪು ವೈನ್ ಅಥವಾ ಹಣ್ಣಿನ ರಸ ಸೇರಿಸುತ್ತಾರೆ, ನಿಜ. ಆದರೆ ಬರೀ ನೀರಿನಲ್ಲಿ ಬೇಯಿಸಿದರೂ ಬಣ್ಣ ಬರುತ್ತದೆ. ಎಲ್ಲಿತ್ತು ಅದು?

ಒಗರಿನಲ್ಲಿತ್ತು. ಒಗರಿಗೆ ಕಾರಣ ಟ್ಯಾನಿನ್ ಎಂಬ ವಸ್ತುಗಳು. ಅವು ನಮ್ಮ ಎಂಜಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ, ಬಾಯೊಳಗಿನ ಜಾರುವ ಗುಣ ಹೋಗಿ ಒಣಗಿದಂತಾಗುತ್ತದೆ. ಪೇರ್‌ನಲ್ಲಿರುವ ಟ್ಯಾನಿನ್ನಿನ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಸರಪಳಿಗಳು. ಸರಪಳಿಯಾಗಿರುವಷ್ಟು ಹೊತ್ತು ಅವಕ್ಕೆ ಬಣ್ಣವಿಲ್ಲ. ಬಿಸಿ ಮತ್ತು ಹುಳಿ ಎರಡೂ ಸೇರಿ ಬಹಳ ಹೊತ್ತು ಕಾಡಿದರೆ ಕೊಂಡಿಗಳು ಒಂದೊಂದಾಗಿ ಕಳಚುತ್ತವೆ. ಕಳಚಿದ ತುಣುಕುಗಳಲ್ಲಿ ಕೆಲವು ಕೆಂಪು ವರ್ಣದ್ರವ್ಯವಾಗುತ್ತವೆ. ನೇರಳೆ ಹಣ್ಣಿಗೂ ಕೆಂಪು ಎಲೆಕೋಸಿಗೂ ಬಣ್ಣ ಕೊಡುವ ಕುಟುಂಬವೇ ಇದು. ಹುಳಿ ಹಣ್ಣಿನಲ್ಲೇ ಒಂದಿಷ್ಟು ಇರುತ್ತದೆ. ಬಿಸಿ ಮತ್ತು ತಾಳ್ಮೆಯನ್ನು ಅಡುಗೆಯವರು ಕೊಡಬೇಕು.

ಮಲೆನಾಡಿನ ಮಕ್ಕಳಿಗೆ ಇದು ತೀರ ಹೊಸದೆನಿಸಲಿಕ್ಕಿಲ್ಲ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ನೀರು ಕೆಂಪಗೆ ಚೊಗರಾಗುತ್ತದಲ್ಲ, ಅಲ್ಲೂ ಟ್ಯಾನಿನ್‌ಗಳದೇ ಕೈವಾಡ.

ತಮಾಷೆ ಏನೆಂದರೆ, ಪೇರ್ ಹೋಳುಗಳನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳಿಗೆ ಇದೇ ಬಣ್ಣ ತಲೆನೋವು. ಕುದಿಸಿದ ಡಬ್ಬಿಗಳನ್ನು ಬೇಗ ತಣಿಸದಿದ್ದರೆ ಒಳಗಿನ ಬಿಳಿ ಹೋಳು ಗುಲಾಬಿಯಾಗುತ್ತದೆ, ಕೊಂಡವರು ಕೆಟ್ಟುಹೋಗಿದೆ ಎಂದುಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಗುಲಾಬಿ ಹೋಳೇ ಚೆಂದ.

ಹೆಚ್ಚಿಟ್ಟ ಪೇರ್ ಕಂದಾಗುವುದು ಮಾತ್ರ ಬೇರೆಯೇ ಕತೆ. ಅದಕ್ಕೆ ಬಿಸಿ ಬೇಕಿಲ್ಲ, ಗಾಳಿ ಸಾಕು. ಕತ್ತರಿಸಿದ ಜಾಗದಲ್ಲಿ ಹಣ್ಣಿನದೇ ಒಂದು ಕಿಣ್ವ ಗಾಳಿಯ ಆಮ್ಲಜನಕದ ನೆರವಿನಿಂದ ಕಂದು ಬಣ್ಣ ಹುಟ್ಟಿಸುತ್ತದೆ. ನಿಂಬೆರಸ ಸವರಿದರೆ ಅದರ ಕೆಲಸ ನಿಧಾನವಾಗುತ್ತದೆ, ಕುದಿಸಿದರೆ ನಿಂತೇಹೋಗುತ್ತದೆ.

ಬೆಂದ ಹಣ್ಣು ಮೆತ್ತಗಾಗುವುದು ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಕರಗುವುದರಿಂದ. ಎಷ್ಟು ಬೇಯಿಸಿದರೂ ಬಾಯಿಗೆ ಸಣ್ಣ ಮರಳಿನಂತೆ ಏನೋ ಸಿಗುತ್ತದೆ. ತೊಳೆಯದ್ದಕ್ಕೆ ಬಂದ ಮಣ್ಣಲ್ಲ ಅದು! ಗೋಡೆ ದಪ್ಪಗಾಗಿ ಗಟ್ಟಿಯಾದ ಕಲ್ಲುಕೋಶಗಳ ಗುಂಪು. ಮರಕ್ಕೆ ಬಿಗಿ ಕೊಡುವ ಲಿಗ್ನಿನ್ ಅವುಗಳ ಗೋಡೆಯಲ್ಲಿದೆ, ಒಲೆಯ ಬಿಸಿಗೆ ಅದು ಜಗ್ಗುವುದಿಲ್ಲ.

ಮಕ್ಕಳೇ, ಮನೆಯಲ್ಲೇ ನೋಡಬೇಕೆ? ಒಂದು ಪೇರ್ ಹಣ್ಣನ್ನು ಎರಡು ಹೋಳು ಮಾಡಿ. ದೊಡ್ಡವರನ್ನು ಪಕ್ಕದಲ್ಲಿಟ್ಟುಕೊಂಡೇ ಒಲೆ ಹಚ್ಚಿ. ಸ್ಟೀಲ್ ಪಾತ್ರೆಯಲ್ಲಿ ನೀರು, ಸಕ್ಕರೆ, ಸ್ವಲ್ಪ ನಿಂಬೆರಸ ಹಾಕಿ ಎರಡನ್ನೂ ಬೇಯಲು ಬಿಡಿ. ಒಂದನ್ನು ಕಾಲು ಗಂಟೆಗೆ ತೆಗೆಯಿರಿ, ಇನ್ನೊಂದು ಎರಡು ಗಂಟೆ ಬೇಯಲಿ. ನೀರು ಇಂಗಿದರೆ ಮತ್ತೆ ಹಾಕಿ. ಆಮೇಲೆ ಎರಡನ್ನೂ ಬಿಳಿ ತಟ್ಟೆಯಲ್ಲಿಟ್ಟು ಬಣ್ಣ ಹೋಲಿಸಿ. ಬಾಯಲ್ಲಿಟ್ಟರೆ ಕರಗುವ ಸಿಹಿ ಹಣ್ಣಿನಲ್ಲಿ ಟ್ಯಾನಿನ್ ಕಡಿಮೆ, ಅದು ನಸುಗುಲಾಬಿಯೂ ಆಗದಿರಬಹುದು. ಆದ್ದರಿಂದ ಅಂಗಡಿಯಲ್ಲಿ ಗಟ್ಟಿಯಾದ, ಯಾರೂ ಆರಿಸದ ಒಗರು ಕಾಯನ್ನೇ ಕೇಳಿ ತನ್ನಿ.