ಕೆಳಗಿನ ಕಂಡಿ ಮರೆತವರು

ಬಜಗೋಳಿ ಪೇಟೆಯಲ್ಲಿ ಬಸ್ಸಿಳಿದರೆ ಸಾಕು, ಯಾರಾದರೊಬ್ಬರು ತಡೆದು ಕೇಳುತ್ತಾರೆ: “ಭೂಮಿ ಪುಗ್ಗೆಯ ಹಾಗೆ ಉಬ್ಬುತ್ತಿದೆಯಂತೆ, ಅದಕ್ಕೇ ಖಂಡಗಳು ಒಡೆದದ್ದಂತೆ. ನಾಳೆ ನಮ್ಮ ನೆಲವೂ ಬಿರಿದರೆ ಏನು ಮಾಡುವುದು ಮಾರಾಯ್ರೆ?” ಮೊಬೈಲಿನಲ್ಲಿ ಬಂದದ್ದು!

ಹಾಗೆ ವಾದಿಸಿದವರೆಲ್ಲ ದಡ್ಡರಲ್ಲ. ಖಂಡಗಳು ಸರಿಯುತ್ತವೆ ಎಂದರೆ ವಿದ್ವಾಂಸರೇ ನಗುತ್ತಿದ್ದ ಕಾಲದಲ್ಲಿ ಟ್ಯಾಸ್ಮೇನಿಯಾದ ಭೂವಿಜ್ಞಾನಿ ವಾರೆನ್ ಕೇರಿ ಹೌದು ಎಂದರು. ಆದರೆ ಕಾರಣ ಉಬ್ಬರವೇ ಎಂದು ಹಟ ಹಿಡಿದರು. ಆ ಪಕ್ಷದ ಗಟ್ಟಿ ಪ್ರಶ್ನೆ ಇದು: ಕರ್ನಾಟಕದ ತಳಬಂಡೆಗಳ ಬಹುಭಾಗ 250 ಕೋಟಿ ವರ್ಷಕ್ಕಿಂತ ಹಳೆಯದು, ಸಾಗರತಳ ಹೆಚ್ಚುಕಡಿಮೆ ಎಲ್ಲೆಡೆ 20 ಕೋಟಿಯೊಳಗೆ. ಹಾಗಾದರೆ ಮೊದಲು ಸಾಗರಗಳೇ ಇಲ್ಲದ ಸಣ್ಣ ಭೂಮಿ ಇತ್ತಲ್ಲವೇ?

ಅಲ್ಲ. ನಿಮ್ಮ ಗದ್ದೆ ನೋಡಿ. ಮೇಲಿನ ಕಂಡಿಯಿಂದ ನೀರು ಬರುತ್ತದೆ, ಕೆಳಗಿನ ಕಂಡಿಯಿಂದ ಹೋಗುತ್ತದೆ. ನೀರು ಇವತ್ತಿನದು, ಗದ್ದೆ ಅಜ್ಜನ ಕಾಲದ್ದು. ನೀರು ಹೊಸದೆಂದು ಗದ್ದೆಯೂ ನಿನ್ನೆಯದೇ? ಸಾಗರದ ನಡುವಿನ ಬಿರುಕುಗಳಲ್ಲಿ ಹೊಸ ತಳ ಹುಟ್ಟುತ್ತದೆ. ಜಪಾನ್, ಸುಮಾತ್ರಾಗಳಂಚಿನ ಕಂದಕಗಳಲ್ಲಿ ಹಳೆಯ ತಳ ಭೂಗರ್ಭಕ್ಕೆ ಜಾರುತ್ತದೆ. ಖಂಡದ ಬಂಡೆ ಹಗುರ, ಮೇಲೆಯೇ ಉಳಿಯುತ್ತದೆ. ಇನ್ನೊಮ್ಮೆ ಹೇಳುತ್ತೇನೆ: ಒಂದು ಕಡೆ ಹುಟ್ಟಿದಷ್ಟು ಇನ್ನೊಂದು ಕಡೆ ಮುಳುಗುತ್ತದೆ. 2004ರ ಸುನಾಮಿ ನೆನಪಿದೆಯಲ್ಲ? ಅದಕ್ಕೆ ಕಾರಣ ಸುಮಾತ್ರಾದ ಆ ಕೆಳಗಿನ ಕಂಡಿಯಲ್ಲೇ ಆದ ಕುಲುಕು. ಉಪಗ್ರಹಗಳಿಂದ ಅಳೆದರೂ ಭೂಮಿ ಉಬ್ಬುತ್ತಿರುವುದು ಕಂಡಿಲ್ಲ.

ಸಾಕ್ಷಿಗೆ ದೂರ ಹೋಗಬೇಡಿ. ಮಲ್ಪೆಯಾಚೆಯ ಸೈಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಡುವ ಹೊತ್ತಿಗೆ ಉಕ್ಕಿದ ಲಾವಾ ತಣ್ಣಗಾಗಿ ಬಿರಿದು ಆದವು. ನಾನು ಹೋದ ದಿನ ದೋಣಿಯಲ್ಲಿದ್ದ ಒಬ್ಬರು ಆ ಕಂಬಗಳನ್ನು ಶಿಲ್ಪಿಗಳು ಕಡೆದು ಜೋಡಿಸಿದ್ದೆಂದು ದಡ ಸೇರುವವರೆಗೂ ಸಾಧಿಸಿದರು. ನಾನು ಸಮುದ್ರ ನೋಡುತ್ತ ಕೂತೆ.

1864ರಲ್ಲಿ ಸ್ಕ್ಲೇಟರ್ ಎಂಬ ಪ್ರಾಣಿಶಾಸ್ತ್ರಜ್ಞರು ಭಾರತ-ಮಡಗಾಸ್ಕರ್ ನಡುವೆ ಕಲ್ಪಿಸಿದ, ಮುಳುಗಿಹೋಯಿತೆನ್ನಲಾದ ಲೆಮೂರಿಯಾ ಖಂಡವೂ ಈಗ ಬೇಕಿಲ್ಲ. ನೆಲ ಮುಳುಗಲಿಲ್ಲ, ಸರಿಯಿತು. ಹಾಗೆಯೇ ಕೊಡಲಿ ಎಸೆದು ಸಮುದ್ರದಿಂದ ನೆಲ ಪಡೆದ ಪರಶುರಾಮನ ಕಥೆಯನ್ನು ಯಕ್ಷಗಾನದಲ್ಲಿ ನೋಡಿ ಆನಂದಿಸೋಣ, ಭೂಗೋಳದ ಪರೀಕ್ಷೆಯಲ್ಲಿ ಬರೆಯುವುದು ಬೇಡ.

ಗದ್ದೆಯಲ್ಲೇ ಸಮಯವೆಲ್ಲ ಹೋಯಿತು. ಹೇಳಬೇಕೆಂದಿದ್ದ ಬುದ್ಧಿಮಾತು ಎರಡೇ. ದ್ವೀಪಕ್ಕೆ ಹೋದರೆ ಕಂಬದ ಚೂರು ಕಿತ್ತು ತರಬೇಡಿ. ಭೂಮಿ ಉಬ್ಬುತ್ತಿದೆ ಎಂದು ಯಾರಾದರೂ ಹೆದರಿಸಿದರೆ, “ಕೆಳಗಿನ ಕಂಡಿ ಲೆಕ್ಕ ಹಾಕಿದ್ದೀರಾ?” ಎಂದು ಕೇಳಿ.