ಯಂತ್ರಕ್ಕೆ ಆಜ್ಞೆ ಬರೆಯುವ ಬಗೆಗಳು

ನೀರೆತ್ತುವ ಪಂಪಿನ ಸ್ಟಾರ್ಟರನ್ನು ತಾವೆಲ್ಲರೂ ನೋಡಿಯೇ ಇರುತ್ತೀರಿ. ಹಸಿರು ಗುಂಡಿಯನ್ನೊಮ್ಮೆ ಒತ್ತಿ ಕೈ ತೆಗೆದರೂ ಪಂಪು ಓಡುತ್ತಲೇ ಇರುತ್ತದೆ. ಕೆಂಪು ಗುಂಡಿ ಒತ್ತಿದರೆ ನಿಲ್ಲುತ್ತದೆ. ಪಂಪು ಹೊರಟೊಡನೆ ಒಳಗಿನ ಸಣ್ಣ ಸಂಪರ್ಕವೊಂದು ಕೂಡಿಕೊಂಡು, ಬೆರಳು ಮಾಡುತ್ತಿದ್ದ ಕೆಲಸವನ್ನು ತಾನು ವಹಿಸಿಕೊಳ್ಳುವುದೇ ಇದರ ಗುಟ್ಟು. ಹಿಂದೆ ಇಂಥ ನೂರಾರು ಸಂಪರ್ಕಗಳನ್ನು ರಿಲೇಗಳಿಂದ ಹೆಣೆದು ಕಾರ್ಖಾನೆಗಳನ್ನು ನಡೆಸುತ್ತಿದ್ದರು. ತಯಾರಿಸುವ ವಸ್ತು ಬದಲಾಯಿತೆಂದರೆ ತಂತಿಗಳನ್ನು ಕಿತ್ತು ಮತ್ತೆ ಜೋಡಿಸಬೇಕಾಗುತ್ತಿತ್ತು.

೧೯೬೮ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್ ವಿಭಾಗವು ಈ ತೊಡಕಿಗೆ ಪರಿಹಾರ ಕೇಳಿತು. ರಿಚರ್ಡ್ ಮಾರ್ಲೆ ಮತ್ತು ಅವರ ಸಂಗಡಿಗರು ರೂಪಿಸಿದ ಮೋಡಿಕಾನ್ ೦೮೪ ಎಂಬ ಸಾಧನ ಅದಕ್ಕೆ ಉತ್ತರವಾಗಿ ಬಂದಿತು. ಇಂದು ಪಿ.ಎಲ್.ಸಿ. ಎಂದು ಕರೆಯುವುದು ಈ ಜಾತಿಯ ಸಾಧನಗಳನ್ನೇ. ತಂತಿಯ ಸ್ಥಾನವನ್ನು ಬರಹ ಹಿಡಿಯಿತು. ಆದರೆ ಅದನ್ನು ಬರೆಯುವುದು ಹೇಗೆ?

ಮೊದಲ ಬಗೆ ಏಣಿಯ ನಕ್ಷೆ. ಎರಡು ನೆಟ್ಟಗೆರೆಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಸಂಪರ್ಕಗಳನ್ನು ಬರೆಯುವುದು. ರಿಲೇ ನಕ್ಷೆಯಲ್ಲಿ ಪಳಗಿದ ಎಲೆಕ್ಟ್ರಿಷಿಯನ್ನನಿಗೆ ಇದು ಹೊಸ ವಿದ್ಯೆಯಲ್ಲ. ಯಾವ ಸಂಪರ್ಕ ಕೂಡಿದೆ, ಯಾವುದು ಕಳಚಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ. ಲೆಕ್ಕಾಚಾರ ಹೆಚ್ಚಾದರೆ ಮಾತ್ರ ಏಣಿ ಉದ್ದವಾಗಿ ಗೋಜಲಾಗುತ್ತದೆ.

ಎರಡನೆಯದು ವಾಕ್ಯದಂತೆ ಬರೆಯುವ ಬಗೆ: 'ಹಸಿರು ಗುಂಡಿ ಒತ್ತಿದ್ದರೆ ಅಥವಾ ಪಂಪು ಓಡುತ್ತಿದ್ದರೆ, ಕೆಂಪು ಗುಂಡಿ ಒತ್ತದಿದ್ದ ಪಕ್ಷದಲ್ಲಿ, ಪಂಪು ಓಡಲಿ.' ಗಣಿತಕ್ಕೆ ಇದು ಬಲು ಅನುಕೂಲ. ಆದರೆ ಓದುವವನಿಗೆ ಗಣಕದ ಭಾಷೆ ತಿಳಿದಿರಬೇಕು. ಮೂರನೆಯದರಲ್ಲಿ ಚೌಕಗಳನ್ನು ಗೆರೆಗಳಿಂದ ಜೋಡಿಸುತ್ತಾರೆ. ಬಾಯ್ಲರಿನ ಶಾಖವನ್ನು ಹದವಾಗಿಡುವಂಥ ಕೆಲಸಕ್ಕೆ ಅದು ಒಗ್ಗುತ್ತದೆ. ನಾಲ್ಕನೆಯದು ಹಂತಗಳ ನಕ್ಷೆ: ತೊಟ್ಟಿ ತುಂಬು, ಕಾಯಿಸು, ಕಲಕು, ಬರಿದು ಮಾಡು. ಕೆಲಸ ಎಲ್ಲಿಗೆ ಬಂದು ನಿಂತಿದೆ ಎಂಬುದು ಇಲ್ಲಿ ಥಟ್ಟನೆ ತಿಳಿಯುತ್ತದೆ. ಐದನೆಯದು ಒಂದೊಂದೇ ಚಿಕ್ಕ ಸೂಚನೆಯ ಪಟ್ಟಿ. ೧೯೯೩ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ ನಿಯಮಾವಳಿ ಈ ಐದಕ್ಕೂ ಮನ್ನಣೆ ನೀಡಿತು. ೨೦೧೩ರ ಆವೃತ್ತಿಯಾದರೋ, ಸೂಚನೆಯ ಪಟ್ಟಿ ಇನ್ನು ಬಳಕೆಗೆ ಯೋಗ್ಯವಲ್ಲವೆಂದು ಸೂಚಿಸಿತು.

ಇವುಗಳಲ್ಲಿ ಯಾವುದು ಮೇಲು? ಬರೆಯುವವನನ್ನು ಕೇಳಿದರೆ ತನಗೆ ಸುಲಭವಾದುದನ್ನು ಹೆಸರಿಸುತ್ತಾನೆ. ಆದರೆ ಯಂತ್ರ ಕೆಟ್ಟು ನಿಲ್ಲುವುದು ಅಪರಾತ್ರಿಯಲ್ಲಿ. ಆಗ ಬರೆದ ಇಂಜಿನಿಯರು ಅಲ್ಲಿರುವುದಿಲ್ಲ. ಮುಂದೆ ನಿಲ್ಲುವವನು ರಾತ್ರಿ ಪಾಳಿಯ ಎಲೆಕ್ಟ್ರಿಷಿಯನ್. ಕಾವಲು ಬಾಗಿಲಿನ ಸ್ವಿಚ್ಚು ಕೂಡದೆ ಯಂತ್ರ ನಿಂತಿದೆಯೆಂದು ಬರಹ ಅವನಿಗೆ ತೋರಿಸಿಕೊಟ್ಟರೆ, ಬಾಗಿಲನ್ನು ಸರಿಪಡಿಸುತ್ತಾನೆ. ಬರಹ ತಿಳಿಯದೆ ಹೋದರೆ, ಮೇಲಿನವರ ಅವಸರಕ್ಕೆ ಮಣಿದು, ತುಂಡು ತಂತಿಯಿಂದ ಆ ಸ್ವಿಚ್ಚನ್ನೇ ದಾಟಿಸುವ ಆಸೆ ಹುಟ್ಟುತ್ತದೆ. ಯಂತ್ರವೇನೋ ಓಡುತ್ತದೆ, ಮರುದಿನ ತೆರೆದ ಬಾಗಿಲೊಳಗೆ ಕೈಯಿಟ್ಟವನ ಗತಿ?

ಆದುದರಿಂದ ತಡೆಗಳನ್ನೂ ಸುರಕ್ಷತೆಯ ಷರತ್ತುಗಳನ್ನೂ ಏಣಿಯಲ್ಲಿ, ಕೆಲಸದ ಕ್ರಮವನ್ನು ಹಂತಗಳ ನಕ್ಷೆಯಲ್ಲಿ, ಲೆಕ್ಕವನ್ನು ವಾಕ್ಯಗಳಲ್ಲಿ ಬರೆಯುವುದು ಲೇಸು. ಒಂದೇ ಯಂತ್ರದಲ್ಲಿ ಇವೆಲ್ಲ ಕೂಡಿ ಬಾಳಬಲ್ಲವು. ಪ್ರತಿ ಗುಂಡಿಗೂ ಸ್ವಿಚ್ಚಿಗೂ ಅರ್ಥವಾಗುವ ಹೆಸರಿಡುವುದು ಅಷ್ಟೇ ಅಗತ್ಯ. ಆಜ್ಞೆಯನ್ನು ಪಾಲಿಸುವುದು ಯಂತ್ರವೇ ಆದರೂ ಅದನ್ನು ಓದಬೇಕಾದವನು ಮನುಷ್ಯ.