ಕ್ಲಬ್ಬು ಯಾರದು, ಸಾಲ ಯಾರದು?



2019ರ ಆಗಸ್ಟ್ 27ರಂದು ಇಂಗ್ಲಿಷ್ ಫುಟ್‌ಬಾಲ್ ಲೀಗ್, ಬರಿ ಎಂಬ ಊರಿನ ಕ್ಲಬ್ಬನ್ನು ಹೊರಹಾಕಿತು. 1885ರಲ್ಲಿ ಹುಟ್ಟಿ, ಎರಡು ಸಲ ಎಫ್‌ಎ ಕಪ್ ಗೆದ್ದಿದ್ದ ಕ್ಲಬ್ಬು ಅದು. ಹಿಂದಿನ ಡಿಸೆಂಬರಿನಲ್ಲಷ್ಟೇ ಒಂದು ಪೌಂಡಿಗೆ ಮಾರಾಟವಾಗಿತ್ತು. ಹೊಸ ಮಾಲೀಕರಲ್ಲಿ ಅದನ್ನು ನಡೆಸುವಷ್ಟು ಹಣವಿದೆಯೇ ಎಂಬ ಪ್ರಶ್ನೆಗೆ ಪೂರ್ಣ ಉತ್ತರ ಸಿಗುವ ಮೊದಲೇ ಒಡೆತನ ಕೈಬದಲಾಗಿತ್ತು. ವಿಚಿತ್ರವೆಂದರೆ, ಅದೇ ಋತುವಿನಲ್ಲಿ ತಂಡ ಚೆನ್ನಾಗಿ ಆಡಿ ಮೇಲಿನ ದರ್ಜೆಗೆ ಬಡ್ತಿ ಪಡೆದಿತ್ತು. ಆಟಗಾರರು ಗೆದ್ದರು, ಕ್ಲಬ್ಬು ಲೀಗಿನಲ್ಲಿ ಉಳಿಯಲಿಲ್ಲ.

ಇಂಗ್ಲೆಂಡಿನಲ್ಲಿ ನಿಯಮಗಳೇ ಇರಲಿಲ್ಲವೆಂದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೇ ಫುಟ್‌ಬಾಲ್ ಅಸೋಸಿಯೇಷನ್ ಷೇರುದಾರರ ಲಾಭಾಂಶಕ್ಕೆ ಮಿತಿ ಹಾಕಿತ್ತು. ನಿರ್ದೇಶಕರು ಸಂಬಳ ಪಡೆಯುವಂತಿರಲಿಲ್ಲ. ಕ್ಲಬ್ಬನ್ನು ಹಿಂಡಿ ಹಣ ಮಾಡಬಾರದೆಂಬುದೇ ಅದರ ಉದ್ದೇಶ. ಆದರೆ 1983ರಲ್ಲಿ ಟಾಟೆನ್‌ಹ್ಯಾಮ್ ಕ್ಲಬ್ಬಿನ ಮೇಲೊಂದು ಮಾತೃಸಂಸ್ಥೆಯನ್ನು ಕಟ್ಟಿ, ಅದರ ಷೇರುಗಳನ್ನು ಪೇಟೆಗೆ ಬಿಟ್ಟರು. ನಿಯಮ ಕ್ಲಬ್ಬಿಗಷ್ಟೇ ಅನ್ವಯ, ಮಾತೃಸಂಸ್ಥೆಗಲ್ಲ! ಯಾರೂ ನಿಯಮವನ್ನು ಮುರಿಯಲಿಲ್ಲ, ರದ್ದುಮಾಡಲೂ ಇಲ್ಲ, ಪಕ್ಕದಿಂದ ದಾಟಿಹೋದರು. 2005ರಲ್ಲಿ ಗ್ಲೇಜರ್ ಕುಟುಂಬ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಕೊಂಡಾಗ, ಕೊಳ್ಳಲು ಮಾಡಿದ ಸಾಲದ ದೊಡ್ಡ ಪಾಲು ಕ್ಲಬ್ಬಿನ ತಲೆಯ ಮೇಲೇ ಬಿತ್ತು. ಅದೂ ಕಾನೂನುಬದ್ಧವೇ.

ಆಮೇಲಿನ ನಿಯಮಗಳು ನಷ್ಟವನ್ನು ಅಳೆಯತೊಡಗಿದವು. ಪ್ರೀಮಿಯರ್ ಲೀಗ್ ಮೂರು ವರ್ಷಗಳಿಗೆ 10.5 ಕೋಟಿ ಪೌಂಡ್ ನಷ್ಟದ ಮಿತಿ ಇಟ್ಟಿತು. ಅದನ್ನು ಮೀರಿದ ಎವರ್ಟನ್‌ಗೆ 2023ರ ನವೆಂಬರಿನಲ್ಲಿ ಹತ್ತು ಅಂಕ ಕಡಿತವಾಯಿತು. ಮೇಲ್ಮನವಿಯಲ್ಲಿ ಅದು ಆರಕ್ಕಿಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮವರು ಹೇಳುವುದು ಇಂಥದ್ದನ್ನೇ. ಖರ್ಚು ಮಾಡಿದ್ದು ಆಡಳಿತ. ಅಂಕ ಕಳೆದುಕೊಂಡದ್ದು ಆಡುವವರು ಮತ್ತು ಟಿಕೆಟ್ ಕೊಂಡವರು. ಮಾಲೀಕ ಕ್ಲಬ್ಬು ಮಾರಿ ಹೊರಟುಹೋಗಬಹುದು, ಅಭಿಮಾನಿ ಎಲ್ಲಿಗೆ ಹೋಗಬೇಕು?

ದಿವಾಳಿಯ ಸಂದರ್ಭ ಇನ್ನೂ ಕಹಿ. ಕ್ಲಬ್ಬು ಮುಳುಗಿದರೆ ಆಟಗಾರರ ಮತ್ತು ಇತರ ಕ್ಲಬ್ಬುಗಳ ಬಾಕಿಯನ್ನು ಪೂರ್ತಿ ತೀರಿಸಬೇಕೆಂಬುದು ಲೀಗಿನ ಪದ್ಧತಿ. ಸಣ್ಣ ವ್ಯಾಪಾರಿಗಳಿಗೂ ತೆರಿಗೆ ಇಲಾಖೆಗೂ ಉಳಿದದ್ದರಲ್ಲಿ ಪಾಲು. 2008ರಲ್ಲಿ ಎಫ್‌ಎ ಕಪ್ ಗೆದ್ದ ಪೋರ್ಟ್ಸ್‌ಮತ್, 2010ರಲ್ಲಿ ದಿವಾಳಿ ಆಡಳಿತಕ್ಕೆ ಸಿಕ್ಕಾಗ ಲೋಕ ಇದನ್ನು ಕಂಡಿತು. ತೆರಿಗೆ ಇಲಾಖೆ ನ್ಯಾಯಾಲಯಕ್ಕೆ ಹೋಗಿ 2012ರಲ್ಲಿ ಸೋತಿತು. ಕಾನೂನಿನ ದೃಷ್ಟಿಯಿಂದ ಆ ತೀರ್ಪು ಸರಿಯಿರಬಹುದು. ನ್ಯಾಯವೆಂದು ಒಪ್ಪಲು ನನಗೆ ಮನಸ್ಸಾಗುವುದಿಲ್ಲ.

ಜರ್ಮನಿ ಬೇರೆ ದಾರಿ ಹಿಡಿಯಿತು. ಅಲ್ಲಿ ಮತದಾನದ ಬಹುಪಾಲು ಸದಸ್ಯರ ಸಂಘದ ಕೈಯಲ್ಲೇ ಇರಬೇಕು. ಲೆವರ್‌ಕುಸೆನ್, ವೋಲ್ಫ್ಸ್‌ಬುರ್ಗ್‌ಗಳಂಥ ವಿನಾಯಿತಿಗಳಿವೆ, ಲೈಪ್‌ಜಿಗ್ ಸದಸ್ಯತ್ವವನ್ನೇ ಬಿಗಿಹಿಡಿದು ನಿಯಮದ ಅಕ್ಷರವನ್ನಷ್ಟೇ ಪಾಲಿಸಿತೆಂಬ ಆಕ್ಷೇಪವೂ ಇದೆ. ಇಂಗ್ಲೆಂಡ್ 2025ರ ಜುಲೈನಲ್ಲಿ ಕಾಯ್ದೆ ತಂದು ಸ್ವತಂತ್ರ ನಿಯಂತ್ರಣ ಸಂಸ್ಥೆಯನ್ನು ಸ್ಥಾಪಿಸಿದೆ. ಮೇಲಿನ ಐದು ದರ್ಜೆಗಳ ಕ್ಲಬ್ಬುಗಳಿಗೆ ಇನ್ನು ಪರವಾನಗಿ ಬೇಕು. ಅನರ್ಹ ಮಾಲೀಕರನ್ನು ಹೊರಗೆ ಕಳುಹಿಸಬಹುದು. ಒಪ್ಪಿಗೆಯಿಲ್ಲದೆ ಮೈದಾನ ಮಾರುವಂತಿಲ್ಲ. ಈ ಕೊನೆಯದೇ ನನ್ನ ಮಟ್ಟಿಗೆ ಮುಖ್ಯ. ಡರ್ಬಿಯಲ್ಲೂ ಶೆಫೀಲ್ಡಿನಲ್ಲೂ ಮಾಲೀಕರು ಕ್ಲಬ್ಬಿನ ಮೈದಾನವನ್ನು ತಾವೇ ಕೊಂಡು, ಆ ಹಣವನ್ನು ಕ್ಲಬ್ಬಿನ ಆದಾಯವೆಂದು ತೋರಿಸಿದ್ದರು.

ಇದೆಲ್ಲ ದೂರದ ಸಂಗತಿ ಎನ್ನಬೇಡಿ. ಪುಣೆಯ ವೆಂಕೀಸ್ ಕಂಪನಿ 2010ರಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸನ್ನು ಕೊಂಡಿತು. 2012ರಲ್ಲಿ ಆ ತಂಡ ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು. ಇಲ್ಲಿ, 2025ರ ಆಗಸ್ಟಿನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಡೆಯುವುದೇ ಅನಿಶ್ಚಿತವಾದಾಗ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಸಂಬಳವನ್ನೇ ತಡೆಹಿಡಿಯಿತು.

ಆದ್ದರಿಂದ ಇಲ್ಲಿ ಪ್ರಬಂಧ ಮಂಡಿಸಲು ಬಂದಿರುವವರಲ್ಲಿ ಒಂದು ವಿನಂತಿ. ನಷ್ಟದ ಮಿತಿ ಎಷ್ಟಿರಬೇಕೆಂಬ ಚರ್ಚೆಗೆ ಒಂದು ಗೋಷ್ಠಿ ಸಾಕು. ಉಳಿದ ಸಮಯವನ್ನು ಎರಡು ಪ್ರಶ್ನೆಗಳಿಗೆ ಕೊಡಿ: ದಂಡ ಮಾಲೀಕರ ಸ್ವಂತ ಆಸ್ತಿಯನ್ನು ಮುಟ್ಟುವಂತೆ ನಿಯಮ ಬರೆಯುವುದು ಹೇಗೆ? ಕ್ಲಬ್ಬು ಮುಳುಗಿದಾಗ ಸಣ್ಣ ಸಾಲದಾತರ ಹಾಗೂ ನೌಕರರ ಬಾಕಿಗೆ ಮೊದಲೇ ಠೇವಣಿ ಇಡಿಸಬಹುದೇ? ಕರಡು ನಿಯಮವನ್ನೇ ಬರೆದು ತಂದವರಿದ್ದರೆ ಅವರಿಗೆ ಹೆಚ್ಚು ಸಮಯ ಕೊಡಬೇಕೆಂದು ಅಧ್ಯಕ್ಷರನ್ನು ಕೋರುತ್ತೇನೆ.